ಖಾದರ್ ಸಾಬರ ಸೊನ್ನೆ ಗುರುತು

ನಮ್ಮ ದೇವರಾಜ ಅರಸು ಬಡಾವಣೆಯಲ್ಲಿ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಇದ್ದಾರೆ. ದೊಡ್ಡ ದೊಡ್ಡ ಅಂಗಡಿಗಳ ಗಾಜು, ಕಿಟಕಿ ತೊಳೆದುಕೊಡುವ ಕಂಪನಿ ಮಾಡುತ್ತಾರಂತೆ. ನಾನು ಒಂದು ಕಾಲದಲ್ಲಿ ಇದೇ ದಂಧೆ ಮಾಡಿದವನು ಅಂತ ಯಾರೋ ಹೇಳಿದ್ದಕ್ಕೆ ಹೋದ ತಿಂಗಳು ಮನೆಗೆ ಬಂದಿದ್ದರು. "ಅಜ್ಜಾರೆ, ಕೆಲಸದೋರನ್ನ ಹೆಂಗೆ ಹಿಡಿದಿಟ್ಕೊಂಡಿದ್ರಿ?" ಅಂತ ಆ ಹುಡುಗಿ ಕೇಳಿದಳು. "ಹಿಡಿದಿಟ್ಕೊಳ್ಳಾಕೆ ಅವರೇನು ಕೋಳೀನಾ?" ಅಂದುಬಿಟ್ಟೆ. ಪಾಪ, ಅದರ ಮುಖ ಸಣ್ಣದಾಯಿತು. ಅವರು ಹೋದ ಮೇಲೆ ನನ್ನ ಹೆಂಡತಿ ನನಗೆ ಸರಿಯಾಗಿ ಮಂಗಳಾರತಿ ಮಾಡಿದಳು. ಮುಂಗೋಪ ನನಗೆ ಹುಟ್ಟಿನಿಂದ ಬಂದದ್ದು, ಅದರಿಂದ ಆದ ನಷ್ಟ ಒಂದೆರಡಲ್ಲ. ಬಾಯಲ್ಲಿ ಹೇಳುವುದಕ್ಕೆ ಹೋದರೆ ಮತ್ತೆ ಏನಾದರೂ ಅಂದುಬಿಡುತ್ತೇನೆ, ಅದಕ್ಕೇ ಬರೆದು ಕೊಡುತ್ತಿದ್ದೇನೆ. ಓದಮ್ಮ, ಬೇಜಾರು ಮಾಡಿಕೊಳ್ಳಬೇಡ.

ಐವತ್ತರ ದಶಕದಲ್ಲಿ ದಾವಣಗೆರೆ ಅಂದರೆ ಹತ್ತಿ. ಬೀದಿಯಲ್ಲಿ, ಗಿಡದಲ್ಲಿ, ಉಣ್ಣುವ ತಟ್ಟೆಯಲ್ಲಿ ಎಲ್ಲಾ ಹತ್ತಿ ಪುಕ್ಕ. ನಾನು ಒಂದು ಗಿರಣಿಯಲ್ಲಿ ರಿಪೇರಿ ಖಾತೆಯಲ್ಲಿದ್ದೆ. ಗಿರಣಿಯ ಚಾವಣಿಗೆ ಬೆಳಕು ಬರಲಿ ಅಂತ ಸಾಲು ಸಾಲು ಗಾಜು ಹಾಕಿರುತ್ತಾರೆ. ಒಳಗಿನಿಂದ ಹತ್ತಿ ಪುಕ್ಕ ಎಣ್ಣೆಗೆ ಅಂಟಿಕೊಂಡು, ಹೊರಗಿನಿಂದ ಹೊಗೆ, ಧೂಳು ಕೂತು, ಅವು ಗಾಜೋ ಗೋಡೆಯೋ ತಿಳಿಯುತ್ತಿರಲಿಲ್ಲ. ನಡುಹಗಲಲ್ಲೇ ದೀಪ ಹಾಕಿಕೊಂಡು ನೂಲುತ್ತಿದ್ದರು. ಒಂದು ದಿನ ಮ್ಯಾನೇಜರು, "ಚಂದ್ರಣ್ಣ, ಇದನ್ನ ತೊಳಿಸ್ತೀಯೇನಪ್ಪಾ? ಹೊರಗಿನ ಕಂತ್ರಾಟು ಅಂತ ಬರೆದುಕೊಡ್ತೀನಿ" ಅಂದರು. ಹೂಂ ಅಂದೆ. ಅಷ್ಟೇ ನೋಡಿ, ಮೇಸ್ತ್ರಿ ಆಗಿಬಿಟ್ಟೆ. ಕೆಲಸ ಗೊತ್ತಿಲ್ಲ, ಆಳು ಇಲ್ಲ, ಏಣಿ ಕೂಡಾ ಬಾಡಿಗೆಯದ್ದು.

ಆಳು ಆರಿಸುವುದರಲ್ಲಿ ಮೊದಲ ತಪ್ಪು ಮಾಡಿದೆ. ಎತ್ತರ ಹತ್ತುವ ಕೆಲಸ ಅಲ್ಲವಾ, ಧೈರ್ಯಸ್ಥ ಬೇಕು ಅಂದುಕೊಂಡೆ. ಶಾಮನೂರಿನ ನಿಂಗಪ್ಪ ಬಂದ. ಇಪ್ಪತ್ತೈದು ವರ್ಷದ ಗಟ್ಟಿ ಆಳು, ಮಾತಿಗೊಂದು ತಮಾಷೆ. "ನಾನು ತೆಂಗಿನಮರದ ತುದೀಗೆ ನಿದ್ದೆ ಮಾಡೋನ್ರಿ ಮೇಸ್ತ್ರಿ" ಅಂದ. ಮೊದಲನೇ ದಿನವೇ ಚಾವಣಿಯ ಅಂಚಿನ ಮೇಲೆ ಕೈಬಿಟ್ಟು ನಡೆದು ತೋರಿಸೋಕೆ ಹೋಗಿ ಕಾಲು ಗಾಜಿನ ಮೇಲೆ ಇಟ್ಟ. ಎರಡು ಗಾಜು ಒಡೆದು ಸೊಂಟದವರೆಗೆ ಒಳಗೆ ಇಳಿದ. ಕೆಳಗೆ ನೂಲುವ ಯಂತ್ರ ಓಡುತ್ತಾ ಇತ್ತು. ಹಗ್ಗ ಕಟ್ಟಿದ್ದಕ್ಕೆ ಉಳಿದ. ಕೆಳಗಿಳಿಸಿದ ಮೇಲೆ ಬಾಯಿಗೆ ಬಂದಂಗೆ ಬೈದೆ. ಅವನು ಮಾತ್ರ, "ಬೈರಿ ಮೇಸ್ತ್ರಿ, ಬೈಸ್ಕೊಳ್ಳಾಕೆ ಉಳದೀನಲ್ಲ" ಅಂದ. ಅಂಥವನನ್ನು ಬಿಡಿಸೋದು ಹೆಂಗೆ? ಇಟ್ಟುಕೊಂಡೆ.

ಆವತ್ತಿನಿಂದ ಕೆಲಸ ಕೇಳಿ ಬಂದವರಿಗೆಲ್ಲ ನನ್ನದೊಂದು ಪರೀಕ್ಷೆ. ಮಸಿ ಹಿಡಿದ ಲಾಟೀನಿನ ಗಾಜು ಕೈಗೆ ಕೊಡುತ್ತಿದ್ದೆ. "ತೊಳೆದು ಕೊಡ್ರಿ" ಅಷ್ಟೇ. ಕೆಲವರು ಹಿತ್ತಾಳೆ ಕೊಡ ಉಜ್ಜಿದಂಗೆ ಉಜ್ಜಿ ಒಡೆದರು. ಕೆಲವರು ಹೊರಗೆ ಒರೆಸಿ ಒಳಗೆ ಬಿಟ್ಟರು. ಸಾವಂತ್ರವ್ವ ಬಂದಳು. ಗಂಡ ತೀರಿಕೊಂಡು ಎರಡು ವರ್ಷ ಆಗಿತ್ತು, ಮಂಡಿಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯೋ ಕೆಲಸ ಮಾಡುತ್ತಿದ್ದಳು. ಒಂದು ಚಿಟಿಕೆ ಬೂದಿ, ಹಳೇ ಧೋತರದ ಚೂರು ತಗೊಂಡು, ಗಾಜನ್ನು ಕೂಸು ಹಿಡಿದಂಗೆ ಹಿಡಿದು ಒರೆಸಿ, ಬಿಸಿಲಿಗೆ ತಿರುಗಿಸಿ ನೋಡಿ, ಮತ್ತೆ ಒಂದು ಕಡೆ ಒರೆಸಿ ಕೊಟ್ಟಳು. "ಹೆಣ್ಮಗಳನ್ನ ಏಣಿ ಹತ್ತಿಸ್ತೀಯಾ? ನಿನ್ನ ತಲೆ ನೆಟ್ಟಗೈತಾ?" ಅಂತ ಊರವರು ಕೇಳಿದರು. ಆಕೆ ಸೀರೆಯನ್ನು ಕಚ್ಚೆ ಹಾಕಿ ಬಿಗಿದು ಹತ್ತಿಯೇಬಿಟ್ಟಳು. ಊರಿನ ಬಾಯಿ ಎರಡು ವಾರಕ್ಕೆ ಮುಚ್ಚಿತು.

ಮೂರನೆಯವರು ಖಾದರ್ ಸಾಬರು. ವಯಸ್ಸು ಐವತ್ತರ ಹತ್ತಿರ. ಬೀದಿ ಬೀದಿ ತಿರುಗಿ ತಾಮ್ರದ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ಅಲ್ಯೂಮಿನಿಯಂ ಬಂದ ಮೇಲೆ ಕಲಾಯಿ ಕೇಳುವವರು ಕಡಿಮೆಯಾದರು. ಹೊಳಪು ಅಂದರೆ ಏನು ಅಂತ ಅವರಷ್ಟು ಬಲ್ಲವರು ಇಲ್ಲ. ಲಾಟೀನಿನ ಗಾಜು ತೊಳೆದುಕೊಟ್ಟಾಗ, ಅದು ಕೈಯಲ್ಲಿ ಐತೋ ಇಲ್ಲವೋ ಅಂತ ನಾನು ಮುಟ್ಟಿ ನೋಡಿದೆ. ಏಣಿ ಹತ್ತುವ ಮುಂಚೆ ಮೂರು ಸಲ ಅಲ್ಲಾಡಿಸಿ ನೋಡುವ ಮನುಷ್ಯ. ಹೆದರಿಕೆ ಇದ್ದವರೇ ಈ ಕೆಲಸಕ್ಕೆ ಬೇಕು ಅಂತ ನಾನು ಕಲಿತದ್ದು ಅವರಿಂದ.

ಪಗಾರದ ಪದ್ಧತಿಯೂ ಅವರದ್ದೇ. ಮೊದಲ ದಿನ ಏಣಿಯ ಬುಡದಲ್ಲಿ ನಿಂತು, "ಮೇಸ್ತ್ರಿ, ಇವತ್ತಿನ ಕೂಲಿ ಈಗ್ಲೇ ಕೊಟ್ಬಿಡ್ರಿ" ಅಂದರು. ನನಗೆ ಪಿತ್ತ ನೆತ್ತಿಗೇರಿತು. "ಕೆಲಸಾನೇ ಮಾಡಿಲ್ಲ, ಕೂಲಿ ಎಂಥದ್ರಿ?" "ಹತ್ತೋದು ನಾನು. ಇಳಿಸೋನು ಆ ಅಲ್ಲಾಹು. ಮನೀಗೆ ಮುಟ್ಟೋದು ಮೊದ್ಲು ಮುಟ್ಲಿ." ಅವರ ಹೆಂಡತಿ ಗೇಟಿನ ಹತ್ತಿರ ಕಾಯುತ್ತಾ ನಿಂತಿದ್ದರು. ಜೇಬಿಗೆ ಕೈ ಹಾಕಿ ಕೊಟ್ಟೆ. ಆವತ್ತಿನಿಂದ ಎಲ್ಲರಿಗೂ ಹತ್ತುವ ಮುಂಚೆಯೇ ಕೂಲಿ, ಎಲ್ಲರಿಗೂ ಒಂದೇ ಕೂಲಿ, ಜೊತೆಗೆ ಮಂಡಕ್ಕಿ, ಚಹಾ. ಖಾಲಿ ಹೊಟ್ಟೆಯಲ್ಲಿ ಯಾರನ್ನೂ ಮೇಲೆ ಬಿಡುತ್ತಿರಲಿಲ್ಲ. ನಡುವೆ ಬಂದ ಒಬ್ಬ ಕೂಲಿ ಇಸಕೊಂಡು ಓಡಿಯೂ ಹೋದ. ಮಿಕ್ಕವರು ಯಾರೂ ಒಂದು ಗಾಜನ್ನೂ ಬಿಟ್ಟು ಇಳಿದವರಲ್ಲ.

ಹೀಗೆ ಮೂರು ನಾಲ್ಕು ವರ್ಷ ಚೆನ್ನಾಗಿ ನಡೆಯಿತು. ಹರಿಹರದ ಒಂದು ಕಾರ್ಖಾನೆಯ ಶೆಡ್ಡುಗಳ ಗಾಜೂ ನಮಗೇ ಸಿಕ್ಕಿತು. ಅವರ ವಾರದ ರಜೆಯ ದಿನ ಬೆಳಗಿನ ಪ್ಯಾಸೆಂಜರ್ ರೈಲಿಗೆ ಏಣಿ, ಬಕೆಟ್ಟು, ಹಳೇ ಪೇಪರಿನ ಕಟ್ಟು ಹೇರಿಕೊಂಡು ಹೋಗುತ್ತಿದ್ದೆವು. ಅಲ್ಲಿನ ಇಂಜಿನಿಯರ್ ಸಾಹೇಬರು ಬಹಳ ಕಟ್ಟುನಿಟ್ಟು. ಬಿಳೀ ಕರ್ಚೀಫಿನಿಂದ ಗಾಜು ಒರೆಸಿ ನೋಡುವವರು. ಒಂದು ದಿನ ನನ್ನನ್ನು ಕೂರಿಸಿಕೊಂಡು, "ಎಲ್ಲರಿಗೂ ಒಂದೇ ಕೂಲಿ ಕೊಟ್ರೆ ಯಾರು ಮೈಮುರಿದು ಮಾಡ್ತಾರೆ ಚಂದ್ರಣ್ಣ? ಯಾರು ಎಷ್ಟು ಗಾಜು ತೊಳೆದ್ರು ಲೆಕ್ಕ ಹಿಡೀರಿ. ಗಾಜಿಗಿಷ್ಟು ಅಂತ ಕೊಡ್ರಿ. ಜಾಸ್ತಿ ತೊಳೆದೋರಿಗೆ ಇನಾಮು ಇಡ್ರಿ. ಆಮೇಲೆ ನೋಡ್ರಿ" ಅಂದರು. ಓದಿದವರ ಮಾತು. ನನಗೂ ದೊಡ್ಡ ಕಂತ್ರಾಟುದಾರ ಆದಂಗೆ ಹುಮ್ಮಸ್ಸು ಬಂತು.

ಕೆಮ್ಮಣ್ಣು ಕಲಸಿ ಒಬ್ಬೊಬ್ಬರಿಗೆ ಒಂದೊಂದು ತೆಂಗಿನ ಚಿಪ್ಪಿನಲ್ಲಿ ಕೊಟ್ಟೆ. ಗಾಜು ತೊಳೆದಾದ ಮೇಲೆ ಅದರ ಚೌಕಟ್ಟಿನ ಮೇಲೆ ಅವರವರ ಗುರುತು ಹಾಕಬೇಕು. ಸಾವಂತ್ರವ್ವನದು ಗೆರೆ, ನಿಂಗಪ್ಪನದು ಇಂಟು, ಖಾದರ್ ಸಾಬರದು ಸೊನ್ನೆ. ಸಂಜೆ ನಾನು ಮೇಲೆ ಹತ್ತಿ ಎಣಿಸುವುದು. ಎಣಿಸಿದ ಮೇಲೆ ಕೂಲಿ. ಅಂದರೆ ಹತ್ತುವ ಮುಂಚೆ ಕೂಲಿ ಕೊಡುವ ಪದ್ಧತಿ ಹೋಯಿತು. ಖಾದರ್ ಸಾಬರು, "ಹಂಗಾದ್ರೆ ಬೆಳಿಗ್ಗೆ ಕೊಡಲ್ವಾ ಮೇಸ್ತ್ರಿ?" ಅಂತ ಒಂದೇ ಸಲ ಕೇಳಿದರು. "ಕಾಲಕ್ಕೆ ತಕ್ಕಂಗೆ ಹೋಗ್ಬೇಕಲ್ರಿ" ಅಂದೆ. ಮತ್ತೆ ಕೇಳಲಿಲ್ಲ.

ಒಂದೂವರೆ ತಿಂಗಳಿಗೆ ಇನಾಮು ಯಾರಿಗೆ ಬಂತು ಗೊತ್ತಾ? ಖಾದರ್ ಸಾಬರಿಗೆ. ಅವರ ಎಣಿಕೆ ಜಾಸ್ತಿ, ಅವರ ಗಾಜೂ ಎಲ್ಲರಿಗಿಂತ ಸ್ವಚ್ಛ. ಇಂಜಿನಿಯರ್ ಸಾಹೇಬರ ಕರ್ಚೀಫು ಸೊನ್ನೆ ಇದ್ದ ಗಾಜಿನ ಮೇಲೆ ಎಷ್ಟು ಓಡಾಡಿದರೂ ಬೆಳ್ಳಗೇ ಇತ್ತು. ಒಳ್ಳೇ ಕಂಬಳಿ ಒಂದನ್ನು ತಂದು ನಾನೇ ಅವರ ಹೆಗಲಿಗೆ ಹಾಕಿದೆ. ಮನುಷ್ಯ ನಾಚಿಕೊಂಡು ನೆಲ ನೋಡಿದರು. ನಿಂಗಪ್ಪ, ಸಾವಂತ್ರವ್ವ ಇಬ್ಬರ ಎಣಿಕೆಯೂ ಇಳಿಯುತ್ತಾ ಬಂದಿತ್ತು. ನಾನು ಆ ಇಬ್ಬರಿಗೂ, "ವಯಸ್ಸಾದೋರ್ನ ನೋಡಿ ಕಲೀರಿ, ಸೋಮಾರಿಗಳಾ" ಅಂತ ಎಲ್ಲರೆದುರಿಗೆ ಅಂದೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮುಂದಿನ ರಜೆಯ ದಿನ. ಹರಿಹರದ ಪೇಟೆಗೆ ಸೋಡಾ ಪುಡಿ ತರಲು ಹೋದವನು ಬೇಗ ವಾಪಸ್ಸು ಬಂದೆ. ಮಧ್ಯಾಹ್ನದ ಹೊತ್ತು. ಖಾದರ್ ಸಾಬರು ನಮಾಜಿಗೆ ಹೋಗಿ, ಅಲ್ಲೇ ಬುತ್ತಿ ಉಂಡು ಬರುತ್ತಿದ್ದರು. ಉಳಿದಿಬ್ಬರು ಉಣ್ಣಲು ಕೂತಿರಬೇಕಿತ್ತು. ನೋಡಿದರೆ ಬುತ್ತಿಗಂಟು ಬಿಚ್ಚಿಯೇ ಇಲ್ಲ. ಏಣಿ ಹತ್ತಿದೆ. ಮೇಲೆ ಸಾವಂತ್ರವ್ವ ಕೂತು ಒಂದು ಗಾಜು ಒರೆಸಿ, ಚಿಪ್ಪಿಗೆ ಬೆರಳು ಅದ್ದಿ, ಚೌಕಟ್ಟಿನ ಮೇಲೆ ಸೊನ್ನೆ ಹಾಕುತ್ತಾ ಇದ್ದಾಳೆ! ಆಚೆ ಸಾಲಿನಲ್ಲಿ ನಿಂಗಪ್ಪನದೂ ಅದೇ ಕೆಲಸ.

"ಏನ್ರೇ ಇದು? ಮೂರೂ ಜನ ಸೇರಿ ಇನಾಮು ಹಂಚ್ಕೊಳ್ಳಾಕೆ ಆಟ ಹೂಡೀರೇನು?" ಅಂತ ಕಿರುಚಿದೆ.

ಸಾವಂತ್ರವ್ವ ತುಟಿಯ ಮೇಲೆ ಬೆರಳಿಟ್ಟಳು. "ಕೂಗಬ್ಯಾಡ್ರಿ ಮೇಸ್ತ್ರಿ. ಅವ್ರು ಬರೋ ಹೊತ್ತಾತು. ಕೇಳಿಸ್ತೈತೆ."

"ಕೇಳಿಸ್ಲಿ! ಕಳ್ಳತನ ಮಾಡೋರಿಗೆ…"

"ಅವ್ರಿಗೆ ಕಣ್ಣು ಕಾಣಲ್ರಿ."

ಆಕೆ ಮೆಲ್ಲಗೆ ಹೇಳಿದಳು. ವರ್ಷ ಆಯಿತಂತೆ, ಎರಡೂ ಕಣ್ಣಿಗೆ ಪೊರೆ ಬಂದು. ಕೈಯ ರೂಢಿಯ ಮೇಲೆ ಸರಸರ ತೊಳೆದು ಹೋಗುತ್ತಾರೆ, ಹೊಲಸು ಹಂಗೇ ಉಳಿದಿರುತ್ತದೆ. ಅವರು ನಮಾಜಿಗೆ ಇಳಿದಾಗ ಇವರಿಬ್ಬರೂ ಊಟ ಬಿಟ್ಟು ಅವರ ಗಾಜನ್ನು ಮತ್ತೆ ತೊಳೆಯುತ್ತಾರೆ. ನೀರಿಗೆ ಗುರುತು ಅಳಿಸಿಹೋಗುವುದರಿಂದ ಮತ್ತೆ ಸೊನ್ನೆ ಹಾಕುತ್ತಾರೆ. ಮಧ್ಯಾಹ್ನದ ಮೇಲೆ ಅವರು ತೊಳೆದದ್ದನ್ನೂ ತಮ್ಮ ಗಾಜು ಬಿಟ್ಟು ಅವರ ಬೆನ್ನ ಹಿಂದೆಯೇ ತಿದ್ದುತ್ತಾರೆ, ಇವರ ಎಣಿಕೆ ಇಳಿದದ್ದು ಅದಕ್ಕೇ.

"ಅವ್ರಿಗೆ ಗೊತ್ತಾ?"

"ಇಲ್ರಿ. ಇನ್ನೂ ಚೆಂದಾಗೇ ತೊಳೀತೀನಿ ಅನ್ಕಂಡಾರೆ. ಮೊದ್ಲು ಎಲ್ರದೂ ಒಂದೇ ಕೂಲಿ ಇತ್ತಲ್ರಿ, ಯಾರ ಗಾಜು ಯಾರು ತೊಳದ್ರೂ ನಡೀತಿತ್ತು. ನಿಮ್ಮ ಈ ಗುರುತು ಬಂದ ಮ್ಯಾಲೆ ನಮಗೆ ಭಾಳ ಕಷ್ಟ ಆಗೈತೆ."

ನಿಂಗಪ್ಪ ಆಚೆಯಿಂದ, "ಇಳಿಸಿಬಿಡಬ್ಯಾಡ್ರಿ ಮೇಸ್ತ್ರಿ, ಈ ವಯಸ್ಸಿಗೆ ಅವ್ರು ಎಲ್ಲಿಗೆ ಹೋಗ್ಬೇಕು?" ಅಂದ. ಯಾವತ್ತೂ ತಮಾಷೆ ಮಾಡುವವನ ದನಿ ಒಡೆದಿತ್ತು. ಅವರಿಬ್ಬರನ್ನು ಸೋಮಾರಿಗಳು ಅಂದಿದ್ದೆನಲ್ಲ, ಆಗ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಏನು ಮಾಡಲಿ? ಇಳಿಸಿದರೆ ಅವರ ಅನ್ನ ಹೋಗುತ್ತದೆ. ಇಳಿಸದಿದ್ದರೆ ಒಂದಲ್ಲ ಒಂದು ದಿನ ಗಾಜಿನ ಮೇಲೆ ಕಾಲಿಟ್ಟು ಪ್ರಾಣ ಹೋಗುತ್ತದೆ. ದಿನಾ ಸಂಜೆ ಗುರುತು ಎಣಿಸುತ್ತಿದ್ದ ನನಗೆ ಆ ಮನುಷ್ಯನ ಮುಖವನ್ನು ಒಂದು ಸಲ ನೆಟ್ಟಗೆ ನೋಡೋಕೆ ಪುರುಸೊತ್ತು ಸಿಕ್ಕಿರಲಿಲ್ಲ.

ಅವರು ವಾಪಸ್ಸು ಬಂದಾಗ ಹೊಳೆಯ ಕಡೆ ಕರೆದುಕೊಂಡು ಹೋದೆ. ತುಂಗಭದ್ರೆಯ ದಂಡೆಯಲ್ಲಿ ಕೂಡಿಸಿ, ಮುಷ್ಟಿ ಕಟ್ಟಿ ಮುಂದೆ ಹಿಡಿದು, "ಎಷ್ಟು ಬೆರಳು ಖಾದರ್ ಸಾಬ್ರೆ?" ಅಂದೆ.

ಸ್ವಲ್ಪ ಹೊತ್ತು ನೋಡಿದರು. "ಮೂರು."

ನಾನು ಮುಷ್ಟಿಯನ್ನು ಹಂಗೇ ಹಿಡಿದಿದ್ದೆ.

"ಅಲ್ವಾ?" ಅಂದು ನಗುವುದಕ್ಕೆ ನೋಡಿದರು. "ಕೇಳೋರೆಲ್ಲಾ ಮೂರೇ ತೋರಿಸ್ತಾರೆ, ಅದಕ್ಕಂದೆ."

ನಯವಾಗಿ ಹೇಳುವ ವಿದ್ಯೆ ನನಗೆಲ್ಲಿ ಬರಬೇಕು? ಇದ್ದದ್ದನ್ನು ಇದ್ದಂಗೆ ಹೇಳಿಬಿಟ್ಟೆ. ಅವರು ಒಂದೇ ಮಾತು ಕೇಳಿದರು: "ಅವ್ರಿಬ್ರೂ ದಿನಾ ಊಟ ಬಿಟ್ಟು ತೊಳೀತಿದ್ರಾ?" ಹೂಂ ಅಂದೆ. ಟೊಪ್ಪಿಗೆ ತೆಗೆದು ಅದರಲ್ಲೇ ಮುಖ ಒರೆಸಿಕೊಂಡರು. ನಾನೂ ಅತ್ತೆ, ಮುಚ್ಚಿಡುವುದು ಏನಿದೆ?

ಮಾರನೇ ದಿನ ಆ ಕಂಬಳಿಯನ್ನು ಮಡಚಿ ತಂದು ಸಾವಂತ್ರವ್ವನ ಮುಂದೆ ಇಟ್ಟರು. "ಇದು ನಿಮ್ದು ತಾಯಿ. ನಂದಲ್ಲ."

ಆಕೆ ಸಿಟ್ಟಿಗೆದ್ದಳು. "ತಗಂಡು ಹೋಗ್ರಿ. ಆಪರೇಷನ್ ಮಾಡ್ಸಿದಾಗ ಹೊದ್ಕೊಳ್ಳಾಕೆ ಬೇಕಾಗ್ತೈತೆ."

"ಯಾವ ಆಪರೇಷನ್? ನಾನೊಲ್ಲೆ. ನಮ್ಮ ಮಾಮೂನ ಕಣ್ಣಿಗೆ ಒಬ್ಬ ಊರೂರು ತಿರುಗೋನು ಸೂಜಿ ಹಾಕಿ ಪೂರಾ ಕತ್ತಲು ಮಾಡಿದ."

"ಅವನು ಸಂತ್ಯಾಗಿನ ಸೂಜಿಯೋನು. ಕಣ್ಣಿನ ಕ್ಯಾಂಪಿಗೆ ಬರೋರು ಡಾಕ್ಟ್ರು. ನೀವು ಏಣಿ ಮೂರು ಸಲ ಅಲ್ಲಾಡ್ಸಿ ನೋಡಲ್ವಾ? ಹಂಗೇ ಡಾಕ್ಟ್ರನ್ನೂ ಮೂರು ಸಲ ಕೇಳ್ರಿ, ಆಮ್ಯಾಗೆ ಹತ್ರಿ."

ಖಾದರ್ ಸಾಬರಿಗೆ ನಗು ಬಂತು. ಅದೇ ಒಪ್ಪಿಗೆ ಅಂತ ನಾವು ತಿಳಿದುಕೊಂಡೆವು. ಅಲ್ಲಿಯವರೆಗೆ ಅವರನ್ನು ಏಣಿ ಹತ್ತಿಸದೆ ಕೆಳಗೇ ನೀರು ತುಂಬಲು ಇಟ್ಟುಕೊಂಡೆ.

ಬೇಸಿಗೆ ರಜೆಯಲ್ಲಿ ದಾವಣಗೆರೆಯ ಒಂದು ಶಾಲೆಯಲ್ಲಿ ಕಣ್ಣಿನ ಕ್ಯಾಂಪು ಹಾಕಿದ್ದರು. ಆಗಿನ ಆಪರೇಷನ್ ಈಗಿನಂತಲ್ಲ. ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟು, ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸುತ್ತಿದ್ದರು. ಒಂದು ವಾರಕ್ಕಿಂತ ಜಾಸ್ತಿ ದಿನ ಹಂಗೇ ಮಲಗಿರಬೇಕು, ಅಲ್ಲಾಡುವಂತಿಲ್ಲ, ಕೆಮ್ಮುವಂತಿಲ್ಲ, ನಗುವಂತಿಲ್ಲ. ಮನೆಯವರ ಜೊತೆ ನಾವೂ ಪಾಳಿ ಮೇಲೆ ಕೂತೆವು. ನಿಂಗಪ್ಪನನ್ನು ಮಾತ್ರ ಎರಡನೇ ದಿನವೇ ನರ್ಸಮ್ಮ ಹೊರಗೆ ಹಾಕಿದರು. ಅವನು ಬಾಯಿ ತೆಗೆದರೆ ಖಾದರ್ ಸಾಬರಿಗೆ ನಗು ತಡೆಯುತ್ತಿರಲಿಲ್ಲ. ಅವನು ದಿನಾ ಕಿಟಕಿಯ ಹೊರಗೆ ನಿಂತು, ಮಾತಾಡದೆ ಮುಖ ತೋರಿಸಿ ಹೋಗುತ್ತಿದ್ದ. ಪಟ್ಟಿ ಕಟ್ಟಿಕೊಂಡವರಿಗೆ ಮುಖ ತೋರಿಸಿ ಏನು ಬಂತು ಮಾರಾಯ ಅಂದರೆ, "ನನ್ನ ಸಮಾಧಾನಕ್ಕೆ ಬಿಡ್ರಿ" ಅನ್ನುತ್ತಿದ್ದ.

ಆ ವಾರ ಹರಿಹರಕ್ಕೆ ಬರುವುದಿಲ್ಲ ಅಂತ ಮೊದಲೇ ಹೇಳೋಕೆ ಹೋಗಿದ್ದೆ. ಇಂಜಿನಿಯರ್ ಸಾಹೇಬರು ಕೆಂಪಾದರು. "ಒಬ್ಬನಿಗೆ ಕಾಯಿಲೆ ಅಂದ್ರೆ ಮೂವರೂ ರಜಾನಾ? ಬೇರೆಯವರಿಗೆ ಕೊಡ್ತೀನಿ ಕೆಲಸ." ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಕೊಡ್ರಿ ಸಾರ್" ಅಂದು ಬಾಗಿಲವರೆಗೆ ಬಂದವನು ತಿರುಗಿ ನಿಂತೆ. "ನಿಮ್ಮ ಕರ್ಚೀಫಿಗೆ ಕೊಳೆ ಹತ್ತದ ಸೊನ್ನೆ ಗಾಜು ಇತ್ತಲ್ಲ ಸಾರ್, ಅದು ಕಣ್ಣು ಕಾಣದ ಮನುಷ್ಯಂದು. ಉಳಿದಿಬ್ಬರು ಊಟ ಬಿಟ್ಟು ತೊಳೆದದ್ದು. ನಿಮ್ಮ ಇನಾಮಿನ ಲೆಕ್ಕದಲ್ಲಿ ಅವರಿಬ್ಬರೂ ಸೋಮಾರಿಗಳು." ಅವರು ಪೆನ್ನು ಕೆಳಗಿಟ್ಟರು. ಕೊನೆಗೆ, "ಅವರಿಗೆ ಗುಣವಾದ ಮೇಲೇ ಬನ್ನಿ. ಇನ್ನು ಗುರುತು ಹಾಕಿಸಬೇಡಿ" ಅಂದರು. ಒಳ್ಳೇ ಮನುಷ್ಯರು, ನನಗೇ ಗೊತ್ತಿರಲಿಲ್ಲ.

ನಾನು ಗಾಜಿಗಿಷ್ಟು ಅನ್ನುವುದನ್ನು ಅವತ್ತೇ ಬಿಟ್ಟೆ. ಮತ್ತೆ ಎಲ್ಲರಿಗೂ ಒಂದೇ ಕೂಲಿ, ಹತ್ತುವ ಮುಂಚೆ.

ಎಡಗಣ್ಣು ಬರಲಿಲ್ಲ. ಬಲಗಣ್ಣು ಉಳಿಯಿತು ಅಂದರು ಡಾಕ್ಟರು, ಆದರೆ ಎಷ್ಟು ಕಾಣುತ್ತದೆ ಅಂತ ಕನ್ನಡಕ ಹಾಕಿದ ಮೇಲೇ ಗೊತ್ತಾಗುವುದು, ಮೇಲೆ ಹತ್ತುವುದಂತೂ ಇನ್ನು ಆಗದು. ಕನ್ನಡಕ ಬರುವುದಕ್ಕೆ ಒಂದೂವರೆ ತಿಂಗಳಾಯಿತು. ಅದು ಬಂದ ವಾರವೇ, "ನಾನೂ ಹರಿಹರಕ್ಕೆ ಬರ್ತೀನಿ ಮೇಸ್ತ್ರಿ" ಅಂತ ಸ್ಟೇಷನ್ನಿಗೆ ಬಂದರು. ಕಣ್ಣು ಹೆಂಗೈತೆ ಅಂತ ಕೇಳೋಕೆ ಎಲ್ಲರಿಗೂ ಹೆದರಿಕೆ.

ನಾವು ಮೂವರೂ ಮಧ್ಯಾಹ್ನದವರೆಗೆ ತೊಳೆದು ಇಳಿದೆವು. ಖಾದರ್ ಸಾಬರು ಅಲ್ಲಿಯವರೆಗೆ ಬಕೆಟ್ಟಿಗೆ ನೀರು ತುಂಬಿಸಿ ಕೊಡುತ್ತಿದ್ದವರು, ಶೆಡ್ಡಿನ ನಡುವೆ ಬಂದು ನಿಂತು, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಕತ್ತೆತ್ತಿ ಚಾವಣಿ ನೋಡಿದರು. ಒಂದೊಂದೇ ಸಾಲು ನೋಡುತ್ತಾ ಹೋದರು. ಸಾವಂತ್ರವ್ವ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು, ಅದರಲ್ಲಿ ಒಂದು ಹನಿ ನೀರೂ ಇರಲಿಲ್ಲ. ನಿಂಗಪ್ಪನಿಗೆ ಅವತ್ತು ಒಂದು ತಮಾಷೆಯೂ ಹೊಳೆಯಲಿಲ್ಲ.

ಖಾದರ್ ಸಾಬರು ಕೈ ಎತ್ತಿ ತೋರಿಸಿದರು. "ಎರಡನೇ ಸಾಲು, ಈ ಕಡೆಯಿಂದ ನಾಲ್ಕನೇದು. ಸೋಡಾ ನೀರು ಹಂಗೇ ಒಣಗಿ ಕಲೆ ಉಳದೈತೆ. ಯಾರ್ರೀ ಅದನ್ನ ತೊಳದಿದ್ದು?"

ನಾವು ಮೂವರೂ ಮೇಲೆ ನೋಡಿದೆವು. ಬೆಳಕಿಗೆ ನನಗೇನೂ ಕಾಣಲಿಲ್ಲ. ನಿಂಗಪ್ಪ ಓಡಿಹೋಗಿ ಏಣಿ ಹತ್ತಿ, ಮೇಲಿನಿಂದ ಬಗ್ಗಿ ಕೂಗಿದ: "ಐತೆ ಮೇಸ್ತ್ರೀ! ಕಲೆ ಐತೆ! ಅಂಗೈಯಗಲ ಐತೆ!" ಗೆದ್ದವರಂಗೆ ಕುಣಿಯುತ್ತಾನೆ, ಅಲ್ಲಿಂದ ಬಿದ್ದುಗಿದ್ದಾನು ಅಂತ ನಾನು ಬೈಯುತ್ತೇನೆ, ಬೈಯುತ್ತಾ ಕಣ್ಣು ಒರೆಸಿಕೊಳ್ಳುತ್ತೇನೆ.

"ನಂದೇ, ನಂದೇ ಅದು" ಅಂದಳು ಸಾವಂತ್ರವ್ವ. ಅಳುತ್ತಾ ಇದ್ದಾಳೋ ನಗುತ್ತಾ ಇದ್ದಾಳೋ ತಿಳಿಯಲಿಲ್ಲ. ನಿಂಗಪ್ಪ ಇಳಿದದ್ದೇ ತಡ, ಕಚ್ಚೆ ಬಿಗಿದು, ಬಟ್ಟೆ ಹೆಗಲಿಗೆ ಹಾಕಿಕೊಂಡು ಏಣಿಗೆ ಕಾಲಿಟ್ಟಳು.

ಖಾದರ್ ಸಾಬರು ಏಣಿಯ ಬುಡವನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡರು.

"ಹತ್ತು ತಾಯಿ" ಅಂದರು. "ನಾನು ನೋಡ್ತಾ ಇದೀನಿ."